ಗೆರೆ ಕಾಯುವ ಗಾಡಿ, ಗೆರೆ ಅಳಿದ ಹಾದಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮಹಾಜನರು ಕಳೆದ ಕೆಲವು ವರ್ಷಗಳಿಂದ ಹೊಸದೊಂದು ಬಗೆಯ ಮೋಟಾರು ಗಾಡಿಗಳನ್ನು ತಮ್ಮ ಹೆದ್ದಾರಿಯ ಮೇಲೆ ಕಾಣುತ್ತಿರುವರು. ಮೇಲುನೋಟಕ್ಕೆ ಇವು ಉಳಿದ ಕಾರುಗಳಂತೆಯೇ ಇರುತ್ತವೆ. ಆದರೆ ಚಾಲಕನು ಮೈಮರೆತು ಗಾಡಿಯು ತನ್ನ ಪಥದ ಗೆರೆಯನ್ನು ದಾಟಹೊರಟರೆ ಅದು ಸದ್ದುಮಾಡಿ ಎಚ್ಚರಿಸುವುದು. ಸ್ಟೇರಿಂಗನ್ನು ತಾನೇ ಮೆಲ್ಲನೆ ತಿರುಗಿಸಿ ಗೆರೆಯೊಳಕ್ಕೆ ಮರಳುವುದು. ಮುಂದಿನ ಗಾಡಿಯು ವೇಗ ತಗ್ಗಿಸಿದರೆ ತಾನೂ ತಗ್ಗಿಸುವುದು. ಡಿಕ್ಕಿ ತಪ್ಪದೆಂದು ತೋರಿದರೆ ಚಾಲಕನ ಅಪ್ಪಣೆಗೆ ಕಾಯದೆ ಬ್ರೇಕನ್ನೂ ಹಾಕುವುದು. ಈ ಏರ್ಪಾಡುಗಳ ಸಮೂಹಕ್ಕೆ ಅಡಾಸ್ ಎಂಬ ಹೆಸರು ಬಳಕೆಯಲ್ಲಿ ಬಂದಿದೆ. ಇದು ವರವೋ, ಶಾಪವೋ ಎಂಬ ಚರ್ಚೆಯು ಚಾಲಕರ ನಡುವೆ ನಡೆದೇ ಇದೆ. ನಮ್ಮ ಮತವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಯಂತ್ರವು ಒಳ್ಳೆಯದೇ. ಆದರೆ ಗೆರೆಯನ್ನು ಕಾಯುವ ಗಾಡಿಗೆ, ಕಾಯುವುದಕ್ಕೆ ಗೆರೆಯೊಂದು ಇರಬೇಕು. ಆ ಗೆರೆಯನ್ನು ಬರೆದು ಉಳಿಸಿಕೊಳ್ಳಬೇಕಾದವರು ತಮ್ಮ ಕರ್ತವ್ಯವನ್ನು ಮಾಡದಿರುವಾಗ, ಲಕ್ಷಗಟ್ಟಲೆ ರೂಪಾಯಿ ತೆತ್ತು ಕೊಂಡ ಬುದ್ಧಿವಂತ ಗಾಡಿಯು ಕುರುಡನ ಕೈಯಲ್ಲಿಯ ಕನ್ನಡಿಯಂತೆಯೇ ಸರಿ.

ಈ ಯಂತ್ರದ ಕಾರ್ಯವಿಧಾನವು ಗಹನವಾದುದೇನೂ ಅಲ್ಲ. ಮುಂದಿನ ಗಾಜಿನ ಹಿಂದೆ, ಕನ್ನಡಿಯ ಬಳಿ ಒಂದು ಕ್ಯಾಮೆರಾ ಇರುತ್ತದೆ. ಮುಂಭಾಗದ ಬಂಪರಿನ ಹತ್ತಿರ ಅನೇಕ ಗಾಡಿಗಳಲ್ಲಿ ಒಂದು ರಾಡಾರೂ ಇರುತ್ತದೆ. ಕ್ಯಾಮೆರಾವು ರಸ್ತೆಯ ಮೇಲಣ ಬಿಳಿ, ಹಳದಿ ಗೆರೆಗಳನ್ನು ಗುರುತಿಸುವುದು. ರಾಡಾರು ಮುಂದಿರುವ ವಸ್ತುವಿನ ದೂರವನ್ನೂ ವೇಗವನ್ನೂ ಅಳೆಯುವುದು. ಅನೇಕ ಗಾಡಿಗಳಲ್ಲಿ ಪಥ ಕಾಯುವ ಏರ್ಪಾಡು ಗಂಟೆಗೆ 60 ಕಿಲೋಮೀಟರಿನ ಆಸುಪಾಸಿನ ವೇಗವನ್ನು ಮೀರಿದ ಮೇಲೆಯೇ ಎಚ್ಚರಗೊಳ್ಳುವುದು. ಚಾಲಕನು ಇಂಡಿಕೇಟರ್ ಹಾಕಿ ಪಥ ಬದಲಿಸಿದರೆ ಅದು ಅಡ್ಡಬರುವುದಿಲ್ಲ. ಹಾಕದೆ ತಿರುಗಿದರೆ ಇವನು ದಾರಿ ತಪ್ಪಿದನೆಂದು ತಿಳಿದು ಸ್ಟೇರಿಂಗನ್ನು ಹಿಂದಕ್ಕೆ ಎಳೆಯುವುದು. ನಮ್ಮ ದೇಶದಲ್ಲಿ 2020ರಲ್ಲಿ ಎಂ.ಜಿ. ಗ್ಲೋಸ್ಟರ್, 2021ರಲ್ಲಿ ಮಹೀಂದ್ರ ಎಕ್ಸ್‌ಯುವಿ 700, 2022ರಲ್ಲಿ ಹೋಂಡಾ ಸಿಟಿಯ ಹೈಬ್ರಿಡ್ ಮಾದರಿ ಇವೇ ಮುಂತಾದ ಗಾಡಿಗಳ ಮೂಲಕ ಇದು ಮಧ್ಯಮ ವರ್ಗದ ಕೈಗೆಟುಕತೊಡಗಿತು. ಇವು ಎರಡನೆಯ ಮಟ್ಟವನ್ನು ಮೀರದ ಸಹಾಯಕಗಳೆಂದು ಎಣಿಸಲ್ಪಡುತ್ತವೆ. ಸೊನ್ನೆಯಿಂದ ಐದರವರೆಗಿನ ಅಂತರರಾಷ್ಟ್ರೀಯ ಶ್ರೇಣಿಯಲ್ಲಿ ಎರಡನೆಯ ಮಟ್ಟವೆಂದರೆ, ಯಂತ್ರವು ಎಷ್ಟೇ ನೆರವಾದರೂ ಗಾಡಿಯನ್ನು ನಡೆಯಿಸುವವನು ಮನುಷ್ಯನೇ, ಹೊಣೆಯೂ ಅವನದೇ ಎಂದು ಅರ್ಥ. ಈ ಒಂದು ಮಾತನ್ನು ಮಾರುವವರು ಮೆಲ್ಲಗೆ ಹೇಳುವರು. ಕೊಳ್ಳುವವರು ಕೇಳಿಸಿಕೊಳ್ಳುವುದೇ ಇಲ್ಲ.

ಯಂತ್ರದ ಗುಣವನ್ನು ಗುಣವೆಂದೇ ಒಪ್ಪಬೇಕು. ಬ್ರಹ್ಮಾವರದಿಂದ ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕೋಟೇಶ್ವರ, ಕುಂದಾಪುರಗಳನ್ನು ಹಾದು, ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ, ಉಪ್ಪುಂದ, ಬೈಂದೂರುಗಳ ಮೂಲಕ ಶಿರೂರನ್ನು ಸೇರುವ 66ನೆಯ ರಾಷ್ಟ್ರೀಯ ಹೆದ್ದಾರಿಯು ಇಂದು ಚತುಷ್ಪಥವಾಗಿದೆ. ಬೆಂಗಳೂರು, ಮುಂಬಯಿಗಳಿಂದ ರಾತ್ರಿಯಿಡೀ ಗಾಡಿ ನಡೆಯಿಸಿಕೊಂಡು ಊರಿಗೆ ಬರುವ ಮಕ್ಕಳು, ಮಂದಾರ್ತಿ, ಮಾರಣಕಟ್ಟೆ ಮೇಳಗಳ ಆಟವನ್ನು ನೋಡಿ ಬೆಳಗಿನ ಜಾವ ಮನೆಗೆ ಮರಳುವ ಪ್ರೇಕ್ಷಕರು, ರೋಗಿಯನ್ನು ಮಣಿಪಾಲಕ್ಕೆ ಸೇರಿಸಿ ಹಿಂದಿರುಗುವ ದಣಿದ ಬಂಧುಗಳು ಇವರೆಲ್ಲರಿಗೂ ತೂಕಡಿಕೆಯೇ ಪರಮ ಶತ್ರು. ಕಣ್ಣು ಎರಡು ನಿಮಿಷ ಮುಚ್ಚಬೇಕೆಂದಿಲ್ಲ. ಎರಡು ಕ್ಷಣ ಮುಚ್ಚಿದರೆ ಸಾಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ಗಾಡಿಯು ಎರಡು ಸೆಕೆಂಡುಗಳಲ್ಲಿ 44 ಮೀಟರನ್ನು ದಾಟಿರುತ್ತದೆ. ಅಂತಹ ಹೊತ್ತಿನಲ್ಲಿ ಒಂದು ಸದ್ದು, ಸ್ಟೇರಿಂಗಿನ ಒಂದು ನಡುಕ, ಒಂದು ಸಣ್ಣ ತಿದ್ದುಪಡಿ ಒಂದು ಸಂಸಾರವನ್ನೇ ಉಳಿಸಬಲ್ಲುದು. ದೂರ ಪ್ರಯಾಣದಲ್ಲಿ ಕಾಲಿನ ನೋವು, ಬೆನ್ನಿನ ಆಯಾಸ ಕಡಿಮೆಯಾಯಿತೆಂದು ಹೇಳುವ ಚಾಲಕರ ಮಾತನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಅದೇ ಚಾಲಕರನ್ನು ಇನ್ನೂ ಸ್ವಲ್ಪ ಮಾತನಾಡಿಸಿದರೆ ಬೇರೆಯೊಂದು ಕಥೆ ಹೊರಬೀಳುವುದು. ಬಹಳ ಜನರು ಈ ಏರ್ಪಾಡನ್ನು ಮೊದಲ ಕೆಲವು ವಾರ ಉತ್ಸಾಹದಿಂದ ಬಳಸಿ, ಆಮೇಲೆ ಗುಂಡಿಯೊತ್ತಿ ಆರಿಸಿಬಿಟ್ಟಿರುವರು. ಕಾರಣವೇನು? ಗೆರೆಯು ಒಂದು ಫರ್ಲಾಂಗಿನಷ್ಟು ಇದ್ದು ಮುಂದೆ ಮಾಯವಾಗುವುದು. ಡಾಮರು ಸಾರಿಸಿದ ಮೇಲೆ ಹೊಸ ಗೆರೆ ಬೀಳುವುದಕ್ಕೆ ತಿಂಗಳುಗಳು ಹಿಡಿಯುವುದು. ಕಾಮಗಾರಿಗಾಗಿ ಸಂಚಾರವನ್ನು ತಿರುಗಿಸಿದ ಕಡೆ ಹಳೆಯ ಗೆರೆಯೂ ಹೊಸ ಗೆರೆಯೂ ಒಂದನ್ನೊಂದು ಕತ್ತರಿಸುವುವು. ಮನುಷ್ಯನು ಊಹಿಸಿಕೊಂಡಾನು, ಯಂತ್ರವು ಯಾವುದನ್ನು ನಂಬಬೇಕು? ಪಥವನ್ನು ಬಿಟ್ಟು ಹೊಂಡವನ್ನು ತಪ್ಪಿಸಹೋದರೆ ಸ್ಟೇರಿಂಗು ಹೊಂಡದ ಕಡೆಗೇ ಎಳೆಯುವುದು. ಮುಂದಿನ ಲಾರಿಗೂ ತನಗೂ ನಡುವೆ ಸುರಕ್ಷಿತವಾದ ಅಂತರವನ್ನು ಗಾಡಿಯು ಕಾಯ್ದುಕೊಂಡರೆ, ಆ ಅಂತರವನ್ನು ಆಮಂತ್ರಣವೆಂದು ಭಾವಿಸಿ ಎರಡು ಬೈಕುಗಳೂ ಒಂದು ಆಟೋರಿಕ್ಷಾವೂ ನುಗ್ಗುವುವು. ಗಾಡಿಯು ಬೆದರಿ ಬ್ರೇಕು ಹಾಕುವುದು. ಹಿಂದಿನಿಂದ ಅಂಟಿಕೊಂಡು ಬರುತ್ತಿದ್ದ ಎಕ್ಸ್‌ಪ್ರೆಸ್ ಬಸ್ಸಿನವನು ಹಾರ್ನನ್ನು ಬಾರಿಸುತ್ತ ಶಾಪ ಹಾಕುವನು. ನಮ್ಮ ಬಸ್ಸುಗಳ ಅವಸರವನ್ನು ಅರಿತವರಿಗೆ ಇದು ನಗುವ ಸಂಗತಿಯಲ್ಲ. ಮುಂದಿನ ಅಪಘಾತವನ್ನು ತಪ್ಪಿಸಹೋಗಿ ಹಿಂದಿನ ಅಪಘಾತವನ್ನು ಬರಮಾಡಿಕೊಂಡಂತಾಗುವ ಭಯವು ಚಾಲಕರಲ್ಲಿ ಸಕಾರಣವಾಗಿಯೇ ಇದೆ.

ಮಳೆಗಾಲದ ಕಥೆಯನ್ನಂತೂ ಹೇಳುವುದೇ ಬೇಡ. ಆಷಾಢ ಶ್ರಾವಣಗಳಲ್ಲಿ ಆಕಾಶಕ್ಕೆ ತೂತು ಬಿದ್ದಂತೆ ಸುರಿಯುವ ನಮ್ಮ ಮಳೆಯಲ್ಲಿ ಮನುಷ್ಯನ ಕಣ್ಣಿಗೇ ದಾರಿ ಕಾಣದು. ನೀರು ಹರಡಿದ ಡಾಮರಿನ ಮೇಲೆ ಎದುರು ಗಾಡಿಯ ಬೆಳಕು ಬಿದ್ದು ಹೊಳೆಯುವಾಗ, ಬಿಳಿಯ ಗೆರೆ ಯಾವುದು, ನೀರಿನ ಹೊಳಪು ಯಾವುದು ಎಂದು ಕ್ಯಾಮೆರಾಕ್ಕೆ ತಿಳಿಯುವುದಿಲ್ಲ. ಆಗ ಗಾಡಿಯು ನನಗೆ ಕಾಣಿಸುತ್ತಿಲ್ಲ ಎಂದು ಪ್ರಾಮಾಣಿಕವಾಗಿ ಸೂಚನೆ ಕೊಟ್ಟು ಕೈಚೆಲ್ಲುವುದು. ಅತ್ಯಂತ ಅಗತ್ಯವಾದ ಗಳಿಗೆಯಲ್ಲಿಯೇ ಸಹಾಯಕನು ರಜೆ ಪಡೆದಂತೆ! ಒಂದು ಪಕ್ಕದಲ್ಲಿ ಅರಬೀ ಸಮುದ್ರ, ಮತ್ತೊಂದು ಪಕ್ಕದಲ್ಲಿ ಸೌಪರ್ಣಿಕೆ, ನಡುವೆ ಹೆದ್ದಾರಿ ಇರುವ ಮರವಂತೆಯನ್ನು ನೆನೆಯಿರಿ. ಪ್ರವಾಸಿಗರು ಗಾಡಿಗಳನ್ನು ಹೆದ್ದಾರಿಯ ಅಂಚಿಗೇ ನಿಲ್ಲಿಸಿ ಸಮುದ್ರದ ಕಡೆಗೆ ಓಡುವರು. ಮಕ್ಕಳು ಹಿಂದುಮುಂದು ನೋಡದೆ ದಾಟುವರು. ಇಂತಹ ಸ್ಥಳದಲ್ಲಿ ಗೆರೆಯೊಳಗೇ ಉಳಿಯುವುದು ಮಾತ್ರ ಸುರಕ್ಷಿತತೆಯೆಂದು ತಿಳಿದ ಯಂತ್ರಕ್ಕಿಂತ, ಮುಂದೆ ಮಕ್ಕಳಿರುವರೆಂದು ಮೊದಲೇ ವೇಗ ತಗ್ಗಿಸುವ ಮನುಷ್ಯನೇ ಮೇಲು. ಹೊಸಂಗಡಿಯಿಂದ ಮೇಲೆ ಬಾಳೆಬರೆ ಘಾಟಿಯ ತಿರುವುಗಳಲ್ಲಿಯೂ, ಕೊಲ್ಲೂರಿನ ಕಾಡುದಾರಿಯಲ್ಲಿಯೂ ಈ ಏರ್ಪಾಡಿನಿಂದ ಹೆಚ್ಚಿನ ನೆರವನ್ನು ನಿರೀಕ್ಷಿಸಬಾರದೆಂದು ಅನುಭವಸ್ಥರು ಹೇಳುವುದು ಯುಕ್ತವಾಗಿಯೇ ಇದೆ.

ಹಾಗಾದರೆ ಈ ಯಂತ್ರವು ನಮ್ಮ ದೇಶಕ್ಕೆ ಸಲ್ಲದೆಂದು ತಳ್ಳಿಬಿಡೋಣವೆ? ಹಾಗೆನ್ನುವವರೂ ಇರುವರು. ಇದು ಪರದೇಶದ ರಸ್ತೆಗಳಿಗಾಗಿ ಹುಟ್ಟಿದ ವಿದ್ಯೆ. ದನ, ನಾಯಿ, ವಿರುದ್ಧ ದಿಕ್ಕಿನ ಸ್ಕೂಟರು ಇವುಗಳ ನಡುವೆ ಅದು ಬಾಳದು ಎಂಬುದು ಅವರ ವಾದ. ಈ ವಾದವು ಕೇಳಲು ದೇಶಾಭಿಮಾನದಂತೆ ತೋರಿದರೂ ನಮಗೆ ಅದು ಸೋಮಾರಿತನದ ಸಮರ್ಥನೆಯಾಗಿ ಕಾಣುತ್ತದೆ. ನಮ್ಮ ರಸ್ತೆಗಳು ಎಂದೆಂದಿಗೂ ಹೀಗೆಯೇ ಇರತಕ್ಕವು, ನಮ್ಮ ಜನರು ಎಂದೆಂದಿಗೂ ಹೀಗೆಯೇ ಸಾಯತಕ್ಕವರು ಎಂದು ಒಪ್ಪಿಕೊಂಡವರ ಮಾತು ಅದು. ಸ್ವತಂತ್ರ ರಾಷ್ಟ್ರದ ಪ್ರಜೆಗಳ ಬಾಯಲ್ಲಿ ಅಂತಹ ಮಾತು ಬರಬಾರದು.

ಪರದೇಶದವರು ಏನು ಮಾಡಿದರೆಂಬುದನ್ನು ನೋಡಿ ಕಲಿಯುವುದರಲ್ಲಿ ಅವಮಾನವಿಲ್ಲ. ಐರೋಪ್ಯ ಒಕ್ಕೂಟವು 2019ರಲ್ಲಿ ಎರಡು ಶಾಸನಗಳನ್ನು ಮಾಡಿತು. ಒಂದರ ಪ್ರಕಾರ, ಹೊಸ ಕಾರುಗಳಲ್ಲಿ ಪಥ ಕಾಯುವ ಹಾಗೂ ತಾನಾಗಿ ಬ್ರೇಕು ಹಾಕುವ ಏರ್ಪಾಡುಗಳು ಕಡ್ಡಾಯವಾದುವು. 2022ರ ಜುಲೈಯಿಂದ ಹೊಸ ಮಾದರಿಗಳಿಗೆ, 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ ಅದು ಅನ್ವಯವಾಯಿತು. ಅದೇ ವರ್ಷದ ಇನ್ನೊಂದು ಶಾಸನವು ರಸ್ತೆಯನ್ನು ಕುರಿತುದು. ರಸ್ತೆಯ ಗೆರೆಗಳೂ ಫಲಕಗಳೂ ಮನುಷ್ಯರ ಕಣ್ಣಿಗೆ ಮಾತ್ರವಲ್ಲದೆ ಗಾಡಿಯ ಸಹಾಯಕ ಯಂತ್ರಗಳಿಗೂ ಓದಲು ಬರುವಂತಿರಬೇಕೆಂಬ ಮಾತನ್ನು ಅದರಲ್ಲಿ ಸೇರಿಸಿದರು. ಗಾಡಿಗೆ ಕಣ್ಣನ್ನು ಕೊಟ್ಟ ವರ್ಷದಲ್ಲಿಯೇ, ಆ ಕಣ್ಣಿಗೆ ಕಾಣಬೇಕಾದುದನ್ನು ಬರೆಯುವ ಹೊಣೆಯನ್ನೂ ವಿಧಿಸಿದರು. ವಿವೇಕವೆಂದರೆ ಇದು. ನಮ್ಮಲ್ಲಿಯೋ, ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯವು ಬಸ್ಸು, ಲಾರಿ ಮೊದಲಾದ ದೊಡ್ಡ ಗಾಡಿಗಳಿಗೆ ತುರ್ತು ಬ್ರೇಕು, ತೂಕಡಿಕೆಯ ಎಚ್ಚರಿಕೆ, ಪಥ ತಪ್ಪಿದ ಎಚ್ಚರಿಕೆ ಇವುಗಳನ್ನು ಕಡ್ಡಾಯಗೊಳಿಸುವ ಕರಡನ್ನು 2025ರಲ್ಲಿ ಪ್ರಕಟಿಸಿತು. ಈ ಉದ್ದೇಶವನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಪಥ ತಪ್ಪಿದುದನ್ನು ಲಾರಿಯು ತಿಳಿಯಬೇಕಾದರೆ ಪಥವು ಎಲ್ಲಿದೆಯೆಂಬುದನ್ನು ಹೆದ್ದಾರಿಯು ಹೇಳಬೇಡವೆ?

ಗೆರೆಯ ದೋಷ, ಮನುಷ್ಯನ ಅಲಕ್ಷ್ಯ, ಅಧಿಕಾರಿಗಳ ಅಸಡ್ಡೆ ಈ ಮೂರೂ ಒಂದೆಡೆ ಸೇರಿದರೆ ಏನಾಗುವುದೆಂಬುದಕ್ಕೆ ಅಮೆರಿಕೆಯ ಒಂದು ಉದಾಹರಣೆಯಿದೆ. 2018ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ಮೌಂಟನ್ ವ್ಯೂ ಎಂಬಲ್ಲಿ ಟೆಸ್ಲಾ ಗಾಡಿಯೊಂದು ತಾನಾಗಿ ಪಥ ಕಾಯುತ್ತ ಹೋಗುತ್ತಿದ್ದುದು, ಹೆದ್ದಾರಿಯು ಕವಲೊಡೆಯುವ ಕಡೆ ನಡುವಣ ತಡೆಗೋಡೆಗೆ ಬಡಿದು ಚಾಲಕನು ಮೃತಪಟ್ಟನು. ಆ ದೇಶದ ಸಾರಿಗೆ ಸುರಕ್ಷತಾ ಮಂಡಲಿಯು 2020ರಲ್ಲಿ ತನ್ನ ನಿರ್ಣಯವನ್ನು ತಿಳಿಸಿತು. ಅಲ್ಲಿಯ ಗೆರೆಗಳು ಸವೆದು ಮಸುಕಾಗಿದ್ದುವು. ಚಾಲಕನ ಗಮನವು ಬಹುಶಃ ಫೋನಿನ ಆಟದ ಮೇಲಿತ್ತು. ಡಿಕ್ಕಿಯ ಹೊಡೆತವನ್ನು ತಗ್ಗಿಸಬೇಕಾಗಿದ್ದ ತಡೆಯು ಹಿಂದಿನ ಅಪಘಾತವೊಂದರಲ್ಲಿ ಜಜ್ಜಿಹೋದುದನ್ನು ರಸ್ತೆ ಇಲಾಖೆಯು ಸರಿಪಡಿಸಿರಲಿಲ್ಲ. ಜಗತ್ತಿಗೇ ಯಂತ್ರವಿದ್ಯೆಯನ್ನು ಕಲಿಸುವ ಪ್ರಾಂತ್ಯದಲ್ಲಿಯೇ ಹೀಗಾದರೆ, ವರ್ಷದ ಅರ್ಧ ಭಾಗ ಕೆಸರು, ಉಳಿದರ್ಧ ಧೂಳು ಗೆರೆಯನ್ನು ಮುಚ್ಚುವ ನಮ್ಮ ಕಡೆಯ ಮಾತೇನು?

ಇನ್ನು ಈ ವಿಷಯದಲ್ಲಿ ನ್ಯಾಯದ ಪ್ರಶ್ನೆಯೊಂದು ಇದೆ. ಅದೇ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರುವುದು. ಸರಕಾರದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಸತ್ತರು. ಅವರಲ್ಲಿ ದ್ವಿಚಕ್ರದ ಮೇಲಿದ್ದವರು 74,897 ಮಂದಿ. ಕಾಲ್ನಡಿಗೆಯವರು 32,825 ಮಂದಿ. ಈ ಎರಡು ವರ್ಗಗಳೇ ಒಟ್ಟಿನಲ್ಲಿ ನೂರಕ್ಕೆ ಅರುವತ್ತನ್ನು ಮೀರುತ್ತವೆ. ಗೆರೆ ಕಾಯುವ ಯಂತ್ರವನ್ನು ಕೊಳ್ಳುವ ಶಕ್ತಿ ಇವರಿಗಿಲ್ಲ. ಕೊಂಡರೂ ಸೈಕಲ್ಲಿಗೆ ಕಟ್ಟುವಂತಿಲ್ಲ. ಗಂಗೊಳ್ಳಿಯ ಮೀನನ್ನು ಬುಟ್ಟಿಯಲ್ಲಿ ಹೊತ್ತು ಹೆದ್ದಾರಿ ದಾಟುವ ಹೆಂಗಸಿಗೂ, ಕೋಟದಲ್ಲಿ ಬಸ್ಸಿಳಿದು ಶಾಲೆಯ ಕಡೆಗೆ ಓಡುವ ಹುಡುಗಿಗೂ ರಕ್ಷಣೆ ದೊರೆಯಬೇಕಾದುದು ರಸ್ತೆಯಿಂದಲೇ. ಸರ್ವಿಸ್ ರಸ್ತೆಯು ಪೂರ್ಣವಾಗದಿರುವ ಕಡೆ ಸ್ಕೂಟರಿನವನು ಒಂದು ಮೈಲು ಸುತ್ತುವ ಬದಲು ಎದುರು ದಿಕ್ಕಿನಲ್ಲಿ ಬರುವನು. ಅವನ ತಪ್ಪು ಇಲ್ಲವೆಂದಲ್ಲ. ಆದರೆ ಆ ತಪ್ಪಿಗೆ ಎಡೆಮಾಡಿಕೊಟ್ಟವರು ಯಾರು? ಚೆನ್ನಾಗಿ ಬರೆದ ಗೆರೆ, ದಾಟುವ ಪಟ್ಟೆ, ಉರಿಯುವ ದೀಪ, ನೀರು ಹರಿದುಹೋಗುವ ಚರಂಡಿ ಇವು ಯಂತ್ರವುಳ್ಳ ಗಾಡಿಗೂ ಇಲ್ಲದ ಗಾಡಿಗೂ, ಧನಿಕನಿಗೂ ದರಿದ್ರನಿಗೂ ಸಮಾನವಾಗಿ ಕಾವಲಾಗುತ್ತವೆ. ಯಂತ್ರವು ಕೊಂಡವನನ್ನು ಕಾಯುವುದು. ಗೆರೆಯು ಎಲ್ಲರನ್ನೂ ಕಾಯುವುದು.

2022ರ ಜುಲೈ 20ರಂದು ಶಿರೂರಿನ ಟೋಲ್ ಕಟ್ಟೆಯಲ್ಲಿ ನಡೆದ ದುರ್ಘಟನೆಯನ್ನು ಬೈಂದೂರಿನವರು ಇನ್ನೂ ಮರೆತಿರಲಾರರು. ಹೊನ್ನಾವರದ ಕಡೆಯಿಂದ ರೋಗಿಯನ್ನು ಹೊತ್ತು ಧಾವಿಸಿ ಬಂದ ಆಂಬ್ಯುಲೆನ್ಸು ಮಳೆಯಿಂದ ನೆನೆದ ನೆಲದ ಮೇಲೆ ಜಾರಿ ಕಟ್ಟೆಗೆ ಬಡಿದು ನಾಲ್ವರು ಜೀವ ಕಳೆದುಕೊಂಡರು. ಚಕ್ರವು ನೆಲವನ್ನು ಹಿಡಿಯದಿದ್ದರೆ ಬ್ರೇಕನ್ನು ಮನುಷ್ಯನು ಹಾಕಿದರೇನು, ಯಂತ್ರವು ಹಾಕಿದರೇನು? ಎಲ್ಲ ಬುದ್ಧಿವಂತಿಕೆಯೂ ಕೊನೆಗೆ ನೆಲದ ಮೇಲೆಯೇ ನಿಲ್ಲಬೇಕು.

ಗಾಂಧೀಜಿಯವರು 1934ರ ಹರಿಜನ ಯಾತ್ರೆಯ ಕಾಲದಲ್ಲಿ ನಮ್ಮ ಕುಂದಾಪುರಕ್ಕೂ ದಯಮಾಡಿಸಿದ್ದರು. ಅವರು ಯಂತ್ರದ್ವೇಷಿಗಳೆಂದು ತಿಳಿದವರು ಅನೇಕರು. ನಿಜವೇನೆಂದರೆ, 1924ರಲ್ಲಿ ಈ ಕುರಿತು ಪ್ರಶ್ನೆ ಬಂದಾಗ ಅವರು ಹೊಲಿಗೆಯ ಯಂತ್ರವನ್ನು ಮೆಚ್ಚಿ ಮಾತನಾಡಿದರು. ಯಂತ್ರವು ಮನುಷ್ಯನಿಗೆ ನೆರವಾಗಲಿ, ಅವನ ಅಂಗಾಂಗಗಳನ್ನು ನಿಷ್ಕ್ರಿಯಗೊಳಿಸದಿರಲಿ ಎಂಬುದು ಅವರ ಆಶಯವಾಗಿತ್ತು. ಈ ಒರೆಗಲ್ಲಿಗೆ ನಮ್ಮ ಹೊಸ ಗಾಡಿಯನ್ನು ತಿಕ್ಕಿನೋಡೋಣ. ದಣಿದ ಚಾಲಕನನ್ನು ಎಚ್ಚರಿಸುವ ಯಂತ್ರವು ಹೊಲಿಗೆಯ ಯಂತ್ರದ ಜಾತಿಗೆ ಸೇರಿದುದು. ಆದರೆ ಸ್ಟೇರಿಂಗಿನಿಂದ ಕೈತೆಗೆದರೆ ಎಚ್ಚರಿಸುವ ಆ ಯಂತ್ರವನ್ನೇ ವಂಚಿಸುವುದಕ್ಕಾಗಿ ಸ್ಟೇರಿಂಗಿಗೆ ನೀರಿನ ಬಾಟಲಿಯನ್ನು ಸಿಕ್ಕಿಸಿ, ಕಾಲು ಚಾಚಿ ಕುಳಿತು, ಆ ಪರಾಕ್ರಮವನ್ನು ವಿಡಿಯೋ ಮಾಡಿ ಲೋಕಕ್ಕೆ ತೋರಿಸುವ ಯುವಕರಿರುವರಲ್ಲ, ಅವರು ಯಂತ್ರವನ್ನು ಬಳಸುವವರಲ್ಲ. ಯಂತ್ರಕ್ಕೆ ತಮ್ಮ ವಿವೇಕವನ್ನು ಅಡವಿಟ್ಟವರು. ತನ್ನ ಎಚ್ಚರವನ್ನು ತಾನೇ ಕಾಯ್ದುಕೊಳ್ಳುವುದಕ್ಕಿಂತ ಮೇಲಾದ ಸ್ವರಾಜ್ಯವಾವುದು? ಅದನ್ನು ಯಾವ ಕಂಪೆನಿಗೂ ಒತ್ತೆಯಿಡಲಾಗದು.

ಆದುದರಿಂದ ನಾವು ಸಂಬಂಧಪಟ್ಟವರ ಮುಂದೆ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಇಡುತ್ತೇವೆ.

ಮೊದಲನೆಯದು ಹೆದ್ದಾರಿ ಪ್ರಾಧಿಕಾರಕ್ಕೂ ಅದರ ಗುತ್ತಿಗೆದಾರರಿಗೂ. ಸಾಸ್ತಾನದಲ್ಲಿಯೂ ಶಿರೂರಿನಲ್ಲಿಯೂ ಕಟ್ಟೆಗಳನ್ನು ಕಟ್ಟಿ ಪ್ರಯಾಣಿಕರಿಂದ ಸುಂಕವನ್ನು ಎತ್ತುವಾಗ ಒಂದು ರೂಪಾಯಿಯನ್ನೂ ಬಿಡುವುದಿಲ್ಲವಷ್ಟೆ. ಆ ಸುಂಕದ ಪ್ರತಿಫಲವೇ ರಸ್ತೆಯ ಗೆರೆ. ರಸ್ತೆಯ ಗೆರೆ ಹೇಗಿರಬೇಕೆಂಬುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 35ನೆಯ ಸಂಹಿತೆಯಿದೆ. 2015ರಲ್ಲಿ ಅದನ್ನು ಪರಿಷ್ಕರಿಸಿಯೂ ಆಗಿದೆ. ಗಾಜಿನ ಮಣಿಗಳನ್ನು ಬೆರೆಸಿದ ಬಣ್ಣದಿಂದ ಬರೆದ ಗೆರೆಯು ರಾತ್ರಿ ದೀಪದ ಬೆಳಕಿಗೆ ಹೊಳೆಯುವುದು. ಅದರ ಹೊಳಪು ಎಷ್ಟಿದೆಯೆಂದು ಅಳೆಯುವ ಉಪಕರಣಗಳೂ ಇವೆ. ಮಳೆಗಾಲ ಮುಗಿದ ಕೂಡಲೇ ಬ್ರಹ್ಮಾವರದಿಂದ ಶಿರೂರಿನವರೆಗೆ ಗೆರೆಗಳನ್ನು ಪರೀಕ್ಷಿಸಿ ಮತ್ತೆ ಬರೆಯಬೇಕು. ಪರೀಕ್ಷೆಯ ವರದಿಯನ್ನು ಜನರ ಮುಂದಿಡಬೇಕು. ಕಾಮಗಾರಿಯ ಸ್ಥಳಗಳಲ್ಲಿ ಹಳೆಯ ಗೆರೆಗಳನ್ನು ಅಳಿಸಬೇಕು. ಮೋಟಾರು ವಾಹನ ಕಾನೂನಿಗೆ 2019ರಲ್ಲಿ ಸೇರಿದ 198ಎ ಕಲಮಿನ ಪ್ರಕಾರ, ರಸ್ತೆಯನ್ನು ನಿಯಮದಂತೆ ಕಟ್ಟಿ ಕಾಪಾಡದೆ ಅದರಿಂದ ಪ್ರಾಣಹಾನಿಯೋ ಅಂಗವೈಕಲ್ಯವೋ ಆದರೆ, ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ. ಒಂದು ಜೀವಕ್ಕೆ ಒಂದು ಲಕ್ಷವೆಂಬುದು ಅಲ್ಪವೇ ಆದರೂ, ಆ ಕಲಮನ್ನು ಪುಸ್ತಕದಲ್ಲಿ ಮಲಗಿಸದೆ ಎಬ್ಬಿಸುವುದು ಪೋಲೀಸರಿಗೂ ಜಿಲ್ಲಾಡಳಿತಕ್ಕೂ ಸಾಧ್ಯವಿದೆ.

ಎರಡನೆಯದು ಗಾಡಿಗಳನ್ನು ಮಾರುವವರಿಗೆ. ಕೀಲಿಕೈ ಕೊಟ್ಟು, ಫೋಟೋ ತೆಗೆದು, ಸಿಹಿ ಹಂಚಿ ಕಳುಹಿಸಿದರೆ ಧರ್ಮವು ತೀರಲಿಲ್ಲ. ಈ ಯಂತ್ರವು ಏನನ್ನು ಮಾಡದು ಎಂಬುದನ್ನು ಕನ್ನಡದಲ್ಲಿ ಬರೆದು ಕೈಗಿಡಬೇಕು. ಒಂದು ಗಂಟೆ ಹೆದ್ದಾರಿಯಲ್ಲಿ ಕೂರಿಸಿಕೊಂಡು ತೋರಿಸಬೇಕು. ಮುಂದಿನ ಗಾಜನ್ನು ಬದಲಿಸಿದರೆ ಕ್ಯಾಮೆರಾವನ್ನು ಮರಳಿ ಸರಿಹೊಂದಿಸಬೇಕೆಂಬುದು ಎಷ್ಟು ಜನ ಮಾಲೀಕರಿಗೆ ಗೊತ್ತಿದೆ? ಕೊಂಚ ಓರೆಯಾದ ಕ್ಯಾಮೆರಾವು ಇಲ್ಲದ ಕ್ಯಾಮೆರಾಕ್ಕಿಂತ ಅಪಾಯಕಾರಿ.

ಮೂರನೆಯದು ನಮ್ಮ ಚಾಲಕ ಬಂಧುಗಳಿಗೆ. ಆಯುಧಪೂಜೆಯ ದಿನ ಗಾಡಿಗೆ ಹೂಮಾಲೆ ಹಾಕುವುದು ನಮ್ಮ ಸಂಪ್ರದಾಯ, ಹಾಕಲೇಬೇಕು. ಆದರೆ ಆ ಮಾಲೆಯು ರಾಡಾರಿನ ಮುಂದೆ ತೂಗಾಡುತ್ತಿರುವಾಗ, ಕ್ಯಾಮೆರಾದ ಮುಂದಣ ಗಾಜಿಗೆ ಗಂಧವನ್ನು ಬಳಿದಿರುವಾಗ, ಯಂತ್ರವನ್ನು ನಂಬಿ ಹೊರಡಬೇಡಿರಿ. ಇಂಡಿಕೇಟರನ್ನು ಬಳಸಿರಿ, ಅದರಿಂದ ನಿಮ್ಮ ಗಾಡಿಯೊಡನೆ ಜಗಳ ನಿಲ್ಲುವುದಲ್ಲದೆ ಹಿಂದೆ ಬರುವವನಿಗೂ ಉಪಕಾರವಾಗುವುದು. ಪೇಟೆಯ ಒಳಗೂ, ಕಡಲ ಪಕ್ಕದ ಜನಸಂದಣಿಯಲ್ಲಿಯೂ, ಜಡಿಮಳೆಯಲ್ಲಿಯೂ ವೇಗದ ಹಿಡಿತವನ್ನು ನೀವೇ ಇಟ್ಟುಕೊಳ್ಳಿರಿ. ಎಚ್ಚರಿಕೆಯ ಸದ್ದು ಪದೇ ಪದೇ ಬಂದರೆ ಅದನ್ನು ಆರಿಸುವ ಮೊದಲು, ಅದು ನಿಮ್ಮ ಓಡಿಕೆಯನ್ನು ಕುರಿತು ಏನಾದರೂ ಹೇಳುತ್ತಿದೆಯೇ ಎಂದು ಒಂದು ಕ್ಷಣ ಯೋಚಿಸಿರಿ. ಮತ್ತು ಗೆರೆ ಅಳಿದಿರುವುದನ್ನು ಕಂಡ ಕಡೆಯಲ್ಲಿ ಗೊಣಗಿ ಮುಂದೆ ಸಾಗದೆ, ಸ್ಥಳವನ್ನೂ ದಿನವನ್ನೂ ಬರೆದು ಪ್ರಾಧಿಕಾರಕ್ಕೂ ಪಂಚಾಯತಿಗೂ ತಿಳಿಸಿರಿ. ಒಬ್ಬನ ದೂರು ಕಸದ ಬುಟ್ಟಿ ಸೇರೀತು. ನೂರು ಜನರ ದೂರು ಸೇರದು.

ಪಂಚಗಂಗಾವಳಿಯ ಈ ನಾಡಿನಲ್ಲಿ ಒಂದು ಕಾಲಕ್ಕೆ ಹೊಳೆ ದಾಟಬೇಕಾದರೆ ಕಡವಿನಲ್ಲಿ ದೋಣಿಗಾಗಿ ಕಾಯಬೇಕಾಗಿತ್ತು. ಸೇತುವೆಗಳು ಬಂದುವು, ಬಸ್ಸುಗಳು ಬಂದುವು, ಚತುಷ್ಪಥವೂ ಬಂದಿತು. ಪ್ರತಿಯೊಂದೂ ಜನರು ಕೇಳಿ, ಕಾಡಿ, ಹೋರಾಡಿ ಪಡೆದುದೇ ಹೊರತು ತಾನಾಗಿ ಬಂದುದಲ್ಲ. ಸುರಕ್ಷಿತವಾದ ಹಾದಿಯೂ ಹಾಗೆಯೇ ಬರಬೇಕಾಗಿದೆ. ಬುದ್ಧಿಯುಳ್ಳ ಗಾಡಿಗಳು ಬರಲಿ. ಬಸ್ಸಿಗೂ ಲಾರಿಗೂ ಆ ಬುದ್ಧಿ ಬರಲಿ. ಅವುಗಳಿಗಿಂತ ಮೊದಲು ನಮ್ಮ ಹಾದಿಗೆ ನಾಲ್ಕು ನೇರ ಗೆರೆಗಳು ಬರಲಿ. ಸುಂಕವನ್ನು ತೆತ್ತ ಪ್ರಜೆಯು ಇಷ್ಟನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಮುಂದಿನ ಮಳೆಗಾಲಕ್ಕೆ ಮುನ್ನ ಸಂಬಂಧಪಟ್ಟವರು ಈ ಹಕ್ಕನ್ನು ಮನ್ನಿಸುವರೆಂದು ಆಶಿಸುತ್ತೇವೆ; ಮನ್ನಿಸದಿದ್ದರೆ ಮತ್ತೆ ಮತ್ತೆ ಕೇಳುವುದು ನಮ್ಮ ಕರ್ತವ್ಯವೆಂದೂ ತಿಳಿದಿದ್ದೇವೆ.